ಕಾಲಿಟ್ಟರೆ ಗಕ್ಕನೆ ನಿಲ್ಲುವ ಕಾರು



“ಕಾಲು ಮಡಗಂಗಿಲ್ಲ ಕನಣ್ಣ, ಗಕ್ಕನೆ ನಿಂತ್ಕಬುಡ್ತದೆ.” ಹುಣಸೂರು, ಪಿರಿಯಾಪಟ್ಟಣದ ಕಡೆಯ ಗ್ಯಾರೇಜುಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ದೂರು ಕಿವಿಗೆ ಬೀಳುತ್ತದೆ. ಹೇಳುವವರು ಹೆಚ್ಚಾಗಿ ಹೊಸದಾಗಿ ಸಣ್ಣ ಕಾರು ಕೊಂಡವರು. ಕೆಲವರದು ಷೋರೂಮಿನ ಗಾಡಿ. ಬಹಳ ಜನರದು ಸೆಕೆಂಡ್ ಹ್ಯಾಂಡ್. ಹೊಗೆಸೊಪ್ಪಿಗೋ ಶುಂಠಿಗೋ ಒಳ್ಳೆ ರೇಟು ಸಿಕ್ಕ ವರ್ಷ ಮನೆಗೆ ಬಂದದ್ದು. ಬ್ರೇಕಿನ ಮೇಲೆ ಕಾಲಿಟ್ಟರೆ ಹಿಂದಿನ ಸೀಟಿನ ಅಜ್ಜಿ ಮುಗ್ಗರಿಸುತ್ತಾರೆ. ಮಗುವಿನ ಹಣೆ ಮುಂದಿನ ಸೀಟಿಗೆ ತಾಗುತ್ತದೆ. ಡಿಕ್ಕಿಯಲ್ಲಿಟ್ಟ ಹಾಲಿನ ಕ್ಯಾನು ಉರುಳುತ್ತದೆ. ಓಡಿಸುವವರಿಗೆ ಮುಜುಗರ.

ಇವತ್ತು ಈ ಒಂದೇ ವಿಚಾರ ಮಾತಾಡೋಣ. ಸಣ್ಣ ಕಾರಿನ ಬ್ರೇಕು ಅತಿಯಾಗಿ ಹಿಡಿಯುತ್ತದೆ ಅನ್ನಿಸಿದಾಗ ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೇಕನ್ನು ಲೂಸ್ ಮಾಡಿಸಬೇಡಿ. ಮಾಡುವುದಕ್ಕೆ ಬೇರೆ ಕೆಲಸಗಳಿವೆ.

ಮೊದಲು ಓಡಿಸುವವರ ಕಾಲಿನ ವಿಚಾರ. ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆ ಕಾರು ಓಡಿಸುವ ಎಷ್ಟೋ ಮಂದಿ ಮೊದಲು ಕಲಿತದ್ದು ಟ್ರ್ಯಾಕ್ಟರ್. ಹಗಲೆಲ್ಲ ಗದ್ದೆಯಲ್ಲಿ ಟ್ರ್ಯಾಕ್ಟರ್, ಸಂಜೆ ಪೇಟೆಗೆ ಹೋಗಲು ಕಾರು. ಟ್ರ್ಯಾಕ್ಟರಿನ ತೂಕ ಸುಮಾರು 20 ಕ್ವಿಂಟಲ್. ಸಣ್ಣ ಕಾರಿನದು 7ರಿಂದ 8 ಕ್ವಿಂಟಲ್. ಟ್ರ್ಯಾಕ್ಟರಿಗೆ ಬಲಗಾಲಿನ ಕಡೆ ಎರಡು ಬ್ರೇಕ್ ಪೆಡಲುಗಳಿರುತ್ತವೆ. ಒಂದು ಹಿಂದಿನ ಎಡಚಕ್ರಕ್ಕೆ, ಇನ್ನೊಂದು ಬಲಚಕ್ರಕ್ಕೆ. ಹೊಲದ ಬದುವಿನ ಹತ್ತಿರ ಗಿರಕ್ಕನೆ ತಿರುಗಿಸಲು ಒಂದನ್ನೇ ತುಳಿಯುತ್ತಾರೆ. ರಸ್ತೆಗೆ ಬಂದಾಗ ಎರಡಕ್ಕೂ ಕೊಂಡಿ ಹಾಕಬೇಕು.  ಆ ಪೆಡಲನ್ನು ತುಳಿಯಲು ತೊಡೆಯ ಬಲವೇ ಬೇಕು. ಹತ್ತು ವರ್ಷ ಹಾಗೆ ತುಳಿದ ಕಾಲು ಸಂಜೆ ಕಾರಿಗೆ ಹತ್ತುತ್ತದೆ. ಅದಕ್ಕೆ ಗೊತ್ತಿರುವುದು ಅದೇ ತುಳಿತ. ಕಾರು ಗಕ್ಕನೆ ನಿಲ್ಲದೆ ಇನ್ನೇನು ಮಾಡೀತು?

ಹಳೆಯ ಅಂಬಾಸಿಡರ್ ಓಡಿಸಿದ ಹಿರಿಯರಿಗೂ ಇದೇ ತೊಂದರೆ. ಅದರ ಬ್ರೇಕಿಗೂ ಕಾಲು ಊರಿ ಒತ್ತಬೇಕಾಗಿತ್ತು. 1983ರ ಕೊನೆಗೆ ಮಾರುತಿ 800 ರಸ್ತೆಗೆ ಬಂತು. ಸುಮಾರು ಆರೂವರೆ ಕ್ವಿಂಟಲ್ ತೂಕದ ಹಗುರ ಗಾಡಿ. ಅಲ್ಲಿಂದ ಮುಂದೆ ನಮ್ಮ ಕಡೆಗೆ ಹಗುರ ಕಾರುಗಳೇ ಹೆಚ್ಚಾಗಿ ಬಂದವು. ಪೆಡಲುಗಳೂ ಮೆತ್ತಗಾಗುತ್ತ ಬಂದವು.

ಪೆಡಲು ಮೆತ್ತಗಾಗಲು ಕಾರಣ ಬೂಸ್ಟರ್ ಎಂಬ ಭಾಗ. ಬಾನೆಟ್ ಎತ್ತಿದರೆ ಡ್ರೈವರ್ ಕೂರುವ ಕಡೆಯ ಗೋಡೆಗೆ ಕಪ್ಪು ಬಣ್ಣದ, ಗುಂಡನೆಯ, ಅಗಲವಾದ ಡಬ್ಬಿಯೊಂದು ಅಂಟಿಕೊಂಡಿರುತ್ತದೆ. ಒಳಗೆ ಒಂದು ರಬ್ಬರಿನ ಪರದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಈ ಡಬ್ಬಿಯ ಗಾಳಿಯನ್ನೂ ಎಳೆಯುತ್ತದೆ. ನೀವು ಪೆಡಲು ಒತ್ತಿದ ಕೂಡಲೇ ಪರದೆಯ ಒಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ. ಆ ಗಾಳಿಯ ಒತ್ತಡ ನಿಮ್ಮ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ ಮೂಲಕ ಆ ಬಲ ನಾಲ್ಕು ಚಕ್ರಕ್ಕೂ ಹೋಗುತ್ತದೆ. ಹಾಗಾಗಿ ಬೆರಳಿನಷ್ಟು ಒತ್ತಿದರೂ ಸಾಕಾಗುತ್ತದೆ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಉರುಳಿಸಿಕೊಂಡು ಬರುವವರಿದ್ದಾರೆ. ಎಂಜಿನ್ ನಿಂತರೆ ಬೂಸ್ಟರಿಗೆ ಒಂದೆರಡು ಒತ್ತಿಗಷ್ಟೇ ಬಲ ಉಳಿದಿರುತ್ತದೆ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಮೆತ್ತನೆಯ ಬ್ರೇಕಿಗೆ ಒಗ್ಗಿದ ಕಾಲು ಆಗ ಏನೂ ಮಾಡಲಾರದು.

ಇಷ್ಟು ಹೊತ್ತು ಹೇಳಿದ್ದು ಇದು. ಸಣ್ಣ ಕಾರು ಹಗುರ. ಅದಕ್ಕೆ ಬೂಸ್ಟರಿನ ಬಲವಿದೆ. ನಮ್ಮ ಕಾಲಿಗೆ ಭಾರದ ಗಾಡಿಯ ಅಭ್ಯಾಸವಿದೆ. ಈ ಮೂರೂ ಸೇರಿದಾಗ ಬ್ರೇಕು ಶಾರ್ಪು ಅನ್ನಿಸುತ್ತದೆ. ಇದು ಕಾರಿನ ದೋಷವಲ್ಲ. ಆದರೆ ಕೆಲವೊಮ್ಮೆ ದೋಷ ನಿಜವಾಗಿಯೂ ಕಾರಿನಲ್ಲೇ ಇರುತ್ತದೆ. ಅದನ್ನು ಪತ್ತೆ ಮಾಡುವುದು ಹೇಗೆ?

ಮೊದಲ ಪ್ರಶ್ನೆ: ಬ್ರೇಕು ಯಾವಾಗ ಹಿಡಿಯುತ್ತದೆ? ಬೆಳಗ್ಗೆ ಮೊದಲ ಸಲ ಮಾತ್ರವೇ? ಹಾಗಾದರೆ ಹೆದರಬೇಡಿ. ನಮ್ಮಲ್ಲಿ ಜೂನ್‌ನಿಂದ ಮಳೆ, ಮಾರ್ಗಶಿರ ಪುಷ್ಯದಲ್ಲಿ ಮಂಜು. ರಾತ್ರಿ ಹೊರಗೆ ನಿಂತ ಕಾರಿನ ಮುಂದಿನ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕೂರುತ್ತದೆ. ಹಿಂದಿನ ಡ್ರಮ್ಮಿನೊಳಗೂ ತೇವ ಸೇರುತ್ತದೆ. ಡ್ರಮ್ಮಿಗೆ ಒಂದು ಗುಣವಿದೆ. ಅದು ತಿರುಗುವಾಗ ಒಳಗಿನ ಲೈನರನ್ನು ತನ್ನ ಜೊತೆ ಎಳೆದುಕೊಳ್ಳುತ್ತದೆ. ಎಳೆದಷ್ಟೂ ಲೈನರು ಇನ್ನೂ ಬಿಗಿಯಾಗಿ ಒತ್ತುತ್ತದೆ. ಮೇಲ್ಮೈ ತುಕ್ಕಿನಿಂದ ತರಿತರಿಯಾಗಿದ್ದರೆ ಕಚ್ಚಿ ಹಿಡಿಯುತ್ತದೆ. ಮನೆಯ ಹತ್ತಿರವೇ, ನಿಧಾನಕ್ಕೆ ಹೋಗುವಾಗ, ಮೂರು ನಾಲ್ಕು ಸಲ ಮೆಲ್ಲಗೆ ಬ್ರೇಕ್ ಒತ್ತಿ. ತುಕ್ಕು ಉಜ್ಜಿ ಹೋಗುತ್ತದೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಊರ ಬಾಗಿಲಲ್ಲಿ ಈ ಪರೀಕ್ಷೆ ಬೇಡ.

ಎರಡನೆಯ ಪ್ರಶ್ನೆ: ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆಯೇ? ಎಳೆದರೆ ಅದು ಕಾಲಿನ ತಪ್ಪಲ್ಲ. ಒಂದು ಚಕ್ರದಲ್ಲಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಅಂಟಿಕೊಂಡಿರಬಹುದು. ವೀಲ್ ಸಿಲಿಂಡರ್ ಸೋರಿ ಲೈನರಿಗೆ ಬ್ರೇಕ್ ಆಯಿಲ್ ತಾಗಿರಬಹುದು. ಆಯಿಲ್ ತಾಗಿದ ಲೈನರು ಜಾರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಕೆಲವೊಮ್ಮೆ ಅದು ಅಂಟಂಟಾಗಿ ಗಕ್ಕನೆ ಹಿಡಿಯುವುದೂ ಉಂಟು. ಅಂಥ ಲೈನರನ್ನು ಉಜ್ಜಿ, ಪೆಟ್ರೋಲ್ ಹಾಕಿ ತೊಳೆದು ಮತ್ತೆ ಕೂರಿಸುವವರ ಮಾತು ಕೇಳಬೇಡಿ. ಬದಲಿಸಬೇಕು. ಬದಲಿಸಿದರೆ ಎರಡೂ ಕಡೆಯದನ್ನು ಜೋಡಿಯಾಗಿ ಬದಲಿಸಬೇಕು.

ಮೂರನೆಯದು: ಚಕ್ರ ಬಿಸಿಯಾಗುತ್ತದೆಯೇ? ಹುಣಸೂರಿನಿಂದ ಬಿಳಿಕೆರೆಗೆ ಬಂದು ನಿಲ್ಲಿಸಿ. ನಾಲ್ಕು ಚಕ್ರದ ಹತ್ತಿರವೂ ಕೈ ಹಿಡಿಯಿರಿ. ಮುಟ್ಟಬೇಡಿ. ಒಂದು ಚಕ್ರದಿಂದ ಮಾತ್ರ ಹೆಚ್ಚು ಶಾಖ ಬಂದರೆ, ಸುಟ್ಟ ವಾಸನೆ ಇದ್ದರೆ, ಅಲ್ಲಿ ಬ್ರೇಕು ಬಿಡದೆ ಹಿಡಿದುಕೊಂಡಿದೆ. ಹ್ಯಾಂಡ್ ಬ್ರೇಕಿನ ಕೇಬಲ್ ಬಿಗಿಯಾಗಿದ್ದರೂ ಹೀಗಾಗುತ್ತದೆ. ಮೊದಲೇ ಅರ್ಧ ಹಿಡಿದುಕೊಂಡಿರುವ ಬ್ರೇಕು ಪೆಡಲು ಮುಟ್ಟಿದ ಕೂಡಲೇ ಪೂರ್ತಿ ಹಿಡಿಯುತ್ತದೆ.

ಇನ್ನು ಬೂಸ್ಟರನ್ನು ಮನೆಯಲ್ಲೇ ನೋಡಬಹುದು. ಎಂಜಿನ್ ಆಫ್ ಇರಲಿ. ಪೆಡಲನ್ನು ಐದಾರು ಸಲ ಒತ್ತಿ. ಗಟ್ಟಿಯಾಗುತ್ತದೆ. ಕಾಲು ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಆದರೆ ಇದು ಅದರ ಬಲವನ್ನು ಮಾತ್ರ ತೋರಿಸುತ್ತದೆ. ಒಳಗಿನ ಚಿಕ್ಕ ರಬ್ಬರ್ ಬಿಲ್ಲೆ ಕಳಚಿದ್ದರೂ, ತಳ್ಳುಗೋಲಿನ ಅಳತೆ ತಪ್ಪಿದ್ದರೂ ಪೆಡಲು ಅತಿ ಸೂಕ್ಷ್ಮವಾಗುತ್ತದೆ. ಬೂಸ್ಟರನ್ನೋ ಮಾಸ್ಟರ್ ಸಿಲಿಂಡರನ್ನೋ ಬಿಚ್ಚಿ ಹಾಕಿದ ಮೇಲೆ ಬ್ರೇಕು ಬದಲಾಗಿದ್ದರೆ ಇದನ್ನು ಅನುಮಾನಿಸಿ. ಮನೆಯಲ್ಲಿ ಕೈ ಹಾಕುವ ಜಾಗ ಇದಲ್ಲ.

ಹಾಗಾದರೆ ಈವರೆಗೆ ಎರಡು ಭಾಗ ಆಯಿತು. ಒಂದು, ಕಾಲಿನ ಅಭ್ಯಾಸ. ಇನ್ನೊಂದು, ಕಾರಿನ ದೋಷ. ದೋಷವಿದ್ದರೆ ರಿಪೇರಿ. ದೋಷವಿಲ್ಲದಿದ್ದರೆ? ಇಲ್ಲೇ ಜನ ದಾರಿ ತಪ್ಪುವುದು. “ಸ್ವಲ್ಪ ಲೂಸ್ ಮಾಡ್ಕೊಡಿ” ಅನ್ನುತ್ತಾರೆ. ಗಿರಾಕಿ ಕೇಳಿದರೆಂದು ಲೈನರನ್ನು ಹಿಂದಕ್ಕೆ ಸರಿಸಿ ಕೊಡುವವರೂ ಇದ್ದಾರೆ. ಏನಾಗುತ್ತದೆ? ಪೆಡಲು ಅರ್ಧ ದಾರಿ ಸುಮ್ಮನೆ ಇಳಿಯುತ್ತದೆ. ಆಮೇಲೆ ಹಿಡಿಯುತ್ತದೆ. ಹಿಡಿಯುವಾಗ ಅಷ್ಟೇ ಗಕ್ಕನೆ ಹಿಡಿಯುತ್ತದೆ. ಮುಜುಗರ ಹೋಗಲಿಲ್ಲ, ನಿಲ್ಲುವುದು ಮಾತ್ರ ತಡವಾಯಿತು. ಹಿಂದಿನ ಚಕ್ರಗಳ ಬ್ರೇಕು ಕಡಿಮೆಯಾದರೆ ಮುಂದಿನ ಚಕ್ರಗಳ ಮೇಲೆ ಇನ್ನಷ್ಟು ಭಾರ. ಮೂತಿ ಇನ್ನಷ್ಟು ಬಗ್ಗುತ್ತದೆ. ದುಡ್ಡು ಕೊಟ್ಟು ಅಪಾಯ ಕೊಂಡಂತೆ.

ಈಗ ಕಾಲು ತಿದ್ದುವ ಕೆಲಸಕ್ಕೆ ಬರೋಣ. ಜನವರಿಯಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು. ಚೂಟಿಯಾದ ಹಳ್ಳಿಕಾರ್ ಜೋಡಿಯನ್ನು ಗಾಡಿಗೆ ಹೂಡಿದವನು ಹಗ್ಗವನ್ನು ಜಗ್ಗುವುದಿಲ್ಲ. ಬೆರಳಲ್ಲಿ ಮೂಗುದಾರದ ಬಿಗಿ ತಿಳಿಯುವಷ್ಟು ಮಾತ್ರ ಹಿಡಿದಿರುತ್ತಾನೆ. ಚೂಟಿ ಬ್ರೇಕಿಗೂ ಅಷ್ಟೇ ಹಿಡಿತ ಬೇಕು.

ಅದು ಬರುವುದು ಹಿಮ್ಮಡಿಯಿಂದ. ಹಿಮ್ಮಡಿ ಕಾರಿನ ನೆಲಕ್ಕೆ ಊರಿರಲಿ. ಪಾದದ ಮುಂಭಾಗ ಮಾತ್ರ ಪೆಡಲಿನ ಮೇಲೆ ಇರಲಿ. ಹಿಮ್ಮಡಿ ಗಾಳಿಯಲ್ಲಿದ್ದರೆ ಇಡೀ ಕಾಲಿನ ಭಾರ ಪೆಡಲಿಗೆ ಬೀಳುತ್ತದೆ. ಸೀಟು ತೀರ ಮುಂದಿದ್ದರೂ ಕಷ್ಟ, ತೀರ ಹಿಂದಿದ್ದರೂ ಕಷ್ಟ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಹವಾಯಿ ಚಪ್ಪಲಿ ಬೇಡ. ಅದು ಪೆಡಲಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಗದ್ದೆಯಿಂದ ನೇರ ಬಂದ ಕೆಸರುಗಾಲೂ ಬೇಡ. ಕಾಲಡಿಯ ಮ್ಯಾಟು ಜಾರದಂತಿರಲಿ. ನೀರಿನ ಬಾಟಲಿ ಉರುಳಿ ಪೆಡಲಿನ ಕೆಳಗೆ ಸೇರದಂತೆ ನೋಡಿ.

ಆಮೇಲೆ ಅಭ್ಯಾಸ. ಸಂತೆಯಿಲ್ಲದ ದಿನ ಸಂತೆಮಾಳ ಖಾಲಿ ಇರುತ್ತದೆ. ಅಲ್ಲಿ 20 ಕಿಲೋಮೀಟರ್ ವೇಗದಲ್ಲಿ ಹೋಗಿ. ಆಕ್ಸಿಲರೇಟರ್ ಬಿಡಿ. ಕಾರು ತಾನಾಗಿ ನಿಧಾನವಾಗುವುದನ್ನು ಗಮನಿಸಿ. ಈಗ ಪೆಡಲಿನ ಮೇಲೆ ಕಾಲಿಡಿ, ಒತ್ತಬೇಡಿ. ಮೊದಲು ಸ್ವಲ್ಪ ಸಡಿಲ ಸಿಗುತ್ತದೆ. ಅದು ಮುಗಿದು ಬ್ರೇಕು ಹಿಡಿಯಲು ಶುರುವಾಗುವ ಜಾಗವನ್ನು ಪಾದಕ್ಕೆ ಪರಿಚಯ ಮಾಡಿಸಿ. ಅಲ್ಲಿಂದ ಮೆಲ್ಲಗೆ ಒತ್ತುತ್ತ ಹೋಗಿ. ಮುಖ್ಯವಾದ ಪಾಠ ಕೊನೆಯಲ್ಲಿದೆ. ಕಾರು ಪೂರ್ತಿ ನಿಲ್ಲುವುದಕ್ಕೆ ಒಂದು ಮಾರು ಮುಂಚೆ ಒತ್ತನ್ನು ಸ್ವಲ್ಪ ಸಡಿಲಿಸಿ. ಪೂರ್ತಿ ಬಿಡಬೇಡಿ, ಸಡಿಲಿಸಿ. ಬಗ್ಗಿದ ಮೂತಿ ಮೇಲೆದ್ದು ಕಾರು ಅಲುಗದೆ ನಿಲ್ಲುತ್ತದೆ. ಹಳೆಯ ಬಸ್ ಡ್ರೈವರುಗಳಲ್ಲಿ ನುರಿತವರು ಮಾಡುತ್ತಿದ್ದುದು ಇದನ್ನೇ. ನಿಂತ ಪ್ರಯಾಣಿಕರು ಕಂಬಿ ಬಿಟ್ಟಿದ್ದರೂ ಬೀಳುತ್ತಿರಲಿಲ್ಲ.

ಎದುರಿಗೆ ಏನಾದರೂ ಅಡ್ಡ ಬಂದಾಗ ಈ ನಯ ನಾಜೂಕು ಬೇಡ. ಆಗ ಪೂರ್ತಿ ಒತ್ತಿ. 2019ರ ಏಪ್ರಿಲ್‌ನಿಂದ ತಯಾರಾದ ಕಾರುಗಳಲ್ಲಿ ಎಬಿಎಸ್ ಇರುತ್ತದೆ. ಜೋರಾಗಿ ಒತ್ತಿದಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಏನೋ ಮುರಿಯಿತು ಎಂದು ಹೆದರಿ ಕಾಲೆತ್ತುವವರಿದ್ದಾರೆ. ಎತ್ತಬಾರದು. ಚಕ್ರ ಲಾಕ್ ಆಗದಂತೆ ಯಂತ್ರ ತಡೆಯುತ್ತಿರುವ ನಡುಕ ಅದು. ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಬಹುದು. ಹಳೆಯ ಕಾರಿನಲ್ಲಿ ಈ ಸೌಕರ್ಯ ಇಲ್ಲ. ಚಕ್ರ ಲಾಕ್ ಆಗಿ ಕಾರು ಜಾರಿದರೆ ಒತ್ತನ್ನು ಸ್ವಲ್ಪ ಬಿಟ್ಟು ಮತ್ತೆ ಒತ್ತಬೇಕು.

ಕ್ಲಚ್ ಪೆಡಲು ಇಲ್ಲದ ಕಾರು ಕೊಂಡವರಿಗೆ ಇಲ್ಲೊಂದು ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಎಎಂಟಿ, ಅಂದರೆ ತಾನೇ ಬದಲಾಗುವ ಗೇರಿನ ಸಣ್ಣ ಕಾರುಗಳು ನಮ್ಮ ಊರುಗಳಿಗೂ ಬಂದಿವೆ. ನಿವೃತ್ತ ಮೇಷ್ಟರುಗಳಿಗೆ ಬಹಳ ಇಷ್ಟ. ಆದರೆ ಎಡಗಾಲು ಸುಮ್ಮನಿರುವುದಿಲ್ಲ. ನಿಲ್ಲಿಸುವ ಹೊತ್ತಿಗೆ ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಸಿಗುವುದು ಬ್ರೇಕಿನ ಅಗಲ ಪೆಡಲು. ಕ್ಲಚ್ ತುಳಿದಂತೆ ನೆಲದವರೆಗೆ ತುಳಿದುಬಿಡುತ್ತದೆ. ಆಗ ಬೈಗುಳ ಬೀಳುವುದು ಬ್ರೇಕಿಗೆ. ಎಡಗಾಲನ್ನು ಸೀಟಿನ ಕಡೆಗೆ ಎಳೆದಿಟ್ಟುಕೊಳ್ಳಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ.

ಕಾರು ಸರಿ ಇದೆ, ಕಾಲು ಪಳಗುತ್ತಿದೆ ಎಂದಿಟ್ಟುಕೊಳ್ಳೋಣ. ಇನ್ನು ಉಳಿದಿರುವುದು ರಸ್ತೆ. ನಮ್ಮ ರಸ್ತೆಗಳಲ್ಲಿ ಗಕ್ಕನೆ ನಿಲ್ಲುವ ಕಾರಿಗೆ ಅಪಾಯ ಬರುವುದು ಹಿಂದಿನಿಂದ.

ಸೆಪ್ಟೆಂಬರ್ ಸುಮಾರಿಗೆ ಹೊಗೆಸೊಪ್ಪಿನ ಹರಾಜು ಶುರುವಾಗುತ್ತದೆ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದ ಕಡೆಗೆ ಬೇಲುಗಳನ್ನು ಹೇರಿಕೊಂಡ ಗಾಡಿಗಳು ಸಾಲು ಸಾಲಾಗಿ ಹೊರಡುತ್ತವೆ. ಬಹಳಷ್ಟು ಟ್ರಾಲಿಗಳಿಗೆ ಸ್ವಂತ ಬ್ರೇಕೇ ಇಲ್ಲ. ಮುಂದಿನ ಟ್ರ್ಯಾಕ್ಟರೇ ಅದನ್ನೂ ತಡೆದು ನಿಲ್ಲಿಸಬೇಕು. ಅಂಥ ಗಾಡಿ ನಿಮ್ಮ ಬೆನ್ನ ಹಿಂದೆ ಇದ್ದಾಗ ನೀವು ಗಕ್ಕನೆ ನಿಂತರೆ ಅದು ನಿಲ್ಲಲಾರದು. ಹಿಂದೆ ಮೂವರು ಕೂತ ಬೈಕು ಇದ್ದರೂ ಅಷ್ಟೇ. ಆದ್ದರಿಂದ ಬ್ರೇಕಿಗೆ ಮೊದಲು ಕನ್ನಡಿ ನೋಡಿ. ಬ್ರೇಕ್ ಲೈಟು ಉರಿಯುವಷ್ಟು ಮಾತ್ರ ಪೆಡಲು ಮುಟ್ಟಿ, ಹಿಂದಿನವರಿಗೆ ಸುಳಿವು ಕೊಡಿ. ಆಮೇಲೆ ಒತ್ತಿ. ಕಾರಣವಿಲ್ಲದೆ ಹಠಾತ್ತನೆ ಬ್ರೇಕ್ ಹಾಕಬಾರದು ಎಂದು 1989ರ ರಸ್ತೆ ನಿಯಮಗಳಲ್ಲೇ ಹೇಳಿತ್ತು. ಲೈಸೆನ್ಸಿಗೆ ಓದುವಾಗ ಯಾರೂ ಆ ಸಾಲಿನ ಬಳಿ ನಿಲ್ಲುವುದಿಲ್ಲ.

ಎಷ್ಟು ಮೊದಲು ಒತ್ತಬೇಕು? ಒಣ ರಸ್ತೆಯ ಲೆಕ್ಕ ಹೇಳುತ್ತೇನೆ. 40ರ ವೇಗದಲ್ಲಿದ್ದರೆ, ನೋಡಿ, ಕಾಲಿಟ್ಟು, ನಿಲ್ಲುವುದಕ್ಕೆ ಸುಮಾರು 20 ಮೀಟರ್ ಬೇಕು. 60ರಲ್ಲಿ ಹೆಚ್ಚುಕಡಿಮೆ 40 ಮೀಟರ್. ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ದೂರ ಎರಡು ಪಟ್ಟು. ಬ್ರೇಕು ಎಷ್ಟೇ ಚೂಟಿಯಾಗಿದ್ದರೂ, ಕಣ್ಣು ನೋಡಿ ಕಾಲು ಸರಿಯುವ ಆ ಒಂದು ಸೆಕೆಂಡಿನಲ್ಲಿ ಕಾರು 60ರಲ್ಲಿ 17 ಮೀಟರ್ ಓಡಿಬಿಟ್ಟಿರುತ್ತದೆ.

ಹಂಪಿನ ವಿಚಾರಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಇದೆ. ಲೆಕ್ಕದ ಪ್ರಕಾರ ಹಂಪು ಸುಮಾರು 10 ಸೆಂಟಿಮೀಟರ್ ಎತ್ತರ, ಮೂರೂವರೆ ಮೀಟರಿಗೂ ಮಿಕ್ಕಿದ ಅಗಲ ಇರಬೇಕು. ಊರವರೇ ಒಂದು ರಾತ್ರಿ ಮಣ್ಣು ಜಲ್ಲಿ ಸುರಿದು ಮಾಡಿದ ಹಂಪಿಗೆ ಲೆಕ್ಕ ಎಲ್ಲಿಯದು? ಬಿಳಿ ಪಟ್ಟೆಯೂ ಇರುವುದಿಲ್ಲ. ಹತ್ತಿರ ಬಂದ ಮೇಲೆ ಕಾಣುತ್ತದೆ, ಕಾಲು ಪೆಡಲಿಗೆ ಹಾರುತ್ತದೆ. ಆದರೆ ಬ್ರೇಕ್ ಒತ್ತಿಕೊಂಡೇ ಹಂಪು ಹತ್ತಿದರೆ ಮೂತಿ ಬಗ್ಗಿರುತ್ತದೆ, ಸಣ್ಣ ಕಾರಿನ ಅಡಿ ತಾಗುತ್ತದೆ. ಹಂಪಿಗೆ ಮೊದಲೇ ನಿಧಾನ ಮಾಡಿ. ಚಕ್ರ ಹತ್ತುವ ಹೊತ್ತಿಗೆ ಬ್ರೇಕು ಬಿಟ್ಟಿರಬೇಕು.

ಸುಗ್ಗಿಯಲ್ಲಿ ಇನ್ನೊಂದು ಕಷ್ಟ. ಕಣ ಮಾಡುವವರು ಕಡಿಮೆಯಾದರು. ರಾಗಿ ತೆನೆ, ಹುರುಳಿ ಬಳ್ಳಿ ಎಲ್ಲ ಡಾಂಬರಿನ ಮೇಲೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು ಹರಡುತ್ತಾರೆ. ಒಣಹುಲ್ಲಿನ ಮೇಲೆ ಚಕ್ರಕ್ಕೆ ಹಿಡಿತವಿಲ್ಲ. ಅಲ್ಲಿ ಚೂಟಿ ಬ್ರೇಕು ಒತ್ತಿದರೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಹುಲ್ಲು ಬರುವ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ, ಬ್ರೇಕ್ ಮುಟ್ಟದೆ ದಾಟಿ. ಮಧ್ಯದಲ್ಲಿ ನಿಲ್ಲಿಸಬೇಡಿ. ಸೈಲೆನ್ಸರಿನ ಬಿಸಿಗೆ ಹುಲ್ಲು ಹೊತ್ತಿಕೊಳ್ಳಬಹುದು. ನಾಟಿ ಕಾಲದಲ್ಲಿ ಕೆ.ಆರ್. ನಗರ, ಸಾಲಿಗ್ರಾಮದ ಕಡೆ ಟ್ರ್ಯಾಕ್ಟರುಗಳು ರಸ್ತೆಗೆ ತರುವ ಗದ್ದೆಯ ಕೆಸರಿಗೂ ಇದೇ ಪಾಠ.

ಹೆಚ್.ಡಿ. ಕೋಟೆಯವರಿಗೆ ಕಾಡಿನ ರಸ್ತೆಯಿದೆ. ಅಂತರಸಂತೆ ದಾಟಿ ಬಾವಲಿ ಕಡೆಗೆ ಹೋಗುವಾಗ ಜಿಂಕೆ ಅಡ್ಡ ಬರುತ್ತದೆ. ಒಂದು ದಾಟಿತೆಂದು ಬ್ರೇಕು ಬಿಟ್ಟು ಆಕ್ಸಿಲರೇಟರ್ ಒತ್ತುತ್ತೇವೆ. ಹಿಂದೆಯೇ ಎರಡನೆಯದು, ಮೂರನೆಯದು ನೆಗೆಯುತ್ತದೆ. ಆಗ ಮತ್ತೆ ಗಕ್ಕನೆ ಬ್ರೇಕ್. ಇಲ್ಲಿ ಬ್ರೇಕು ಮೆತ್ತಗಿರಬೇಕೋ ಚೂಟಿಯಾಗಿರಬೇಕೋ ಎಂಬ ಚರ್ಚೆಯೇ ಬೇಡ. ವೇಗ 30ರ ಆಸುಪಾಸಿನಲ್ಲಿದ್ದರೆ ಎರಡೂ ನಡೆಯುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಗ್ಯಾರೇಜಿಗೆ ಹೋಗುವವರಿಗೆ ಒಂದು ಮಾತು ಉಳಿದಿದೆ. “ಬ್ರೇಕು ಶಾರ್ಪು” ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಏನು ಮಾಡಿಯಾರು? ಬೆಳಗ್ಗೆ ಮಾತ್ರವೋ ದಿನವಿಡೀಯೋ ಹೇಳಿ. ಎಷ್ಟು ವೇಗದಲ್ಲಿ, ಯಾವ ಕಡೆಗೆ ಎಳೆಯುತ್ತದೆ ಹೇಳಿ. ಲೈನರ್, ಪ್ಯಾಡು ಯಾವಾಗ ಬದಲಿಸಿದ್ದು ಹೇಳಿ. ಹೊಸ ಪ್ಯಾಡು ಕೂರಲು ಕೆಲವು ದಿನ ಬೇಕು. ಅದಕ್ಕೆ ಮುಂಚೆ ದೂರು ಬೇಡ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಅದನ್ನೂ ಬದಲಿಸಲು ಹೇಳಿ. ಆಮೇಲೆ ಅವರನ್ನೇ ಸ್ಟೀರಿಂಗಿಗೆ ಕೂರಿಸಿ, ನೀವು ಹಿಂದಿನ ಸೀಟಿನಲ್ಲಿ ಕೂತು ಬನ್ನಿ. ಅವರ ಕಾಲಿಗೆ ಕಾರು ಮೆಲ್ಲಗೆ ನಿಂತರೆ ರಿಪೇರಿ ಖರ್ಚು ಉಳಿಯಿತು. ಸಂತೆಮಾಳಕ್ಕೆ ಹೋಗಿ.